ಖಾಲಿ ರಿಜಿಸ್ಟರು ಕಂಡರೆ ನನಗೆ ಭಯ

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾನು ಶುಶ್ರೂಷಾಧಿಕಾರಿ. ನಮ್ಮದು ಮೂವತ್ತು ಹಾಸಿಗೆಯ ಮನೋರೋಗ ವಾರ್ಡು. ಕಳೆದ ತಿಂಗಳು ನನ್ನನ್ನು ವಾರ್ಡಿನ ಗುಣಮಟ್ಟ ಮತ್ತು ರೋಗಿ ಸುರಕ್ಷತೆಯ ಹೊಣೆಗಾರಳನ್ನಾಗಿ ಮಾಡಿ ಆದೇಶ ಹೊರಡಿಸಿದರು. ಆದೇಶದ ಪ್ರತಿಯೊಂದನ್ನು ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಒಂದು ವರ್ಷದ ಘಟನಾ ರಿಜಿಸ್ಟರಿನಲ್ಲಿ ಇರುವುದು ಎರಡೇ ದಾಖಲೆ: ಕಟ್ಟಿಹಾಕಿದ್ದ ರೋಗಿಯೊಬ್ಬರ ಮಣಿಕಟ್ಟಿಗೆ ಗಾಯವಾದದ್ದು, ಡಿಸ್ಚಾರ್ಜ್ ಆದ ನಾಲ್ಕನೇ ದಿನ ಒಬ್ಬರು ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದು. ಎರಡು ಸಲವೂ ಸಿಸ್ಟರ್‌ಗಳಿಗೆ ಮೆಮೊ ಬಂತು. ಈಗ ಯಾರೂ ಬಾಯಿ ಬಿಡುವುದಿಲ್ಲ. ವೈದ್ಯರ ಮೇಲೆ ನನಗೆ ಅಧಿಕಾರವಿಲ್ಲ. ಎಲ್ಲಿಂದ ಆರಂಭಿಸಲಿ? (ಹೆಸರು, ಊರು ಬೇಡ)

ಉತ್ತರ: ಸಿಸ್ಟರ್, ನಿಮ್ಮ ಪತ್ರ ಓದುತ್ತ ನಾನು ನಿಂತದ್ದು ‘ಎರಡೇ’ ಎಂಬ ಮಾತಿನ ಬಳಿ. ಮೂವತ್ತು ಹಾಸಿಗೆಯ ಮನೋರೋಗ ವಾರ್ಡಿನಲ್ಲಿ ವರ್ಷಕ್ಕೆ ಎರಡೇ ಘಟನೆ ಎಂದರೆ ನಾನು ನಂಬುವುದಿಲ್ಲ. ಯಾರೋ ಯಾರನ್ನೋ ತಳ್ಳಿರುತ್ತಾರೆ. ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಹೋಗಿರುತ್ತದೆ. ಬಚ್ಚಲಿನಲ್ಲಿ ಅಜ್ಜಿಯೊಬ್ಬರು ಜಾರಿ ಬಿದ್ದಿರುತ್ತಾರೆ. ಗೇಟಿನ ಕಾವಲುಗಾರ ಚಹಾಕ್ಕೆ ಹೋದ ಹೊತ್ತಿನಲ್ಲಿ ಒಬ್ಬರು ಹೊರಗೆ ನಡೆದು, ಬಸ್ ನಿಲ್ದಾಣದಲ್ಲಿ ಸಿಕ್ಕಿ, ಸದ್ದಿಲ್ಲದೆ ವಾಪಸ್ ಬಂದಿರುತ್ತಾರೆ. ಇವೆಲ್ಲ ನಿಮ್ಮ ಸಿಬ್ಬಂದಿಗೆ ಗೊತ್ತು, ರೋಗಿಗಳಿಗೆ ಗೊತ್ತು, ಜೊತೆಗಿರುವ ಮನೆಯವರಿಗೆ ಗೊತ್ತು. ರಿಜಿಸ್ಟರಿಗೆ ಮಾತ್ರ ಗೊತ್ತಿಲ್ಲ. ತಪಾಸಣೆಗೆ ಬಂದವರು ಖಾಲಿ ಪುಟ ನೋಡಿ ‘ತೃಪ್ತಿಕರ’ ಎಂದು ಷರಾ ಬರೆದು ಹೋಗುತ್ತಾರೆ. ನನಗೆ ಖಾಲಿ ಪುಟ ಕಂಡರೆ ಭಯವಾಗುತ್ತದೆ.

ಹಾಗಾಗಿ ಘಟನೆಗಳನ್ನು ಕಡಿಮೆ ಮಾಡುವ ಮಾತು ಆಮೇಲಿರಲಿ. ಮೊದಲ ಆರು ತಿಂಗಳು ದಾಖಲೆಗಳನ್ನು ಹೆಚ್ಚು ಮಾಡಿ. ಕೆಟ್ಟ ಸುದ್ದಿ ಹೆದರದೆ ನಿಮ್ಮ ಮೇಜಿನ ತನಕ ನಡೆದು ಬರಬೇಕು. ನಿಮಗೆ ವಹಿಸಿರುವ ಹೊಣೆಯಲ್ಲಿ ಮುಕ್ಕಾಲು ಪಾಲು ಇದೇ.

ನನ್ನ ವೃತ್ತಿಯ ಆರಂಭದ ಒಂದು ಸಂಗತಿ ಹೇಳುತ್ತೇನೆ. ಆಸ್ಪತ್ರೆ ಯಾವುದೆಂಬುದು ಬೇಡ. ತೀವ್ರ ಖಿನ್ನತೆಯಿಂದ ದಾಖಲಾಗಿದ್ದ ರೈತರೊಬ್ಬರು ಮೂರು ವಾರಗಳಲ್ಲಿ ಚೇತರಿಸಿಕೊಂಡರು. ಹೊಟ್ಟೆ ತುಂಬ ಉಣ್ಣತೊಡಗಿದರು, ಗಡ್ಡ ತೆಗೆಸಿಕೊಂಡರು, ರೌಂಡ್ಸಿಗೆ ಹೋದಾಗ ನನ್ನನ್ನು ನೋಡಿ ನಕ್ಕರು. ಡಿಸ್ಚಾರ್ಜ್ ಬರೆದೆ. ಮೂರನೇ ದಿನ ಅವರ ಊರಿನಿಂದ ಸುದ್ದಿ ಬಂತು. ವಿಚಾರಣೆ ನಡೆಯಿತು. ಕೇಸ್ ಶೀಟ್ ತಿರುವಿದಾಗ ರಾತ್ರಿ ಪಾಳಿಯ ಒಂದು ಸಹಿ ಬಿಟ್ಟುಹೋಗಿರುವುದು ಕಂಡಿತು. ಆ ಸಿಸ್ಟರ್‌ಗೆ ಮೆಮೊ ಹೋಯಿತು, ಕಡತ ಮುಚ್ಚಿತು. ಆ ಮೆಮೊಗೆ ನನ್ನ ಒಪ್ಪಿಗೆಯೂ ಇತ್ತು. ಎಷ್ಟೋ ತಿಂಗಳ ಮೇಲೆ, ನೆಲ ಒರೆಸುತ್ತಿದ್ದ ಆಯಾ ಅದೂ ಇದೂ ಮಾತನಾಡುತ್ತ ಹೇಳಿದರು: ಮನೆಗೆ ಹೊರಡುವ ಹಿಂದಿನ ರಾತ್ರಿ ಅವರು ತಮ್ಮ ಕೈಗಡಿಯಾರ ಬಿಚ್ಚಿ ಪಕ್ಕದ ಹಾಸಿಗೆಯ ಹುಡುಗನಿಗೆ ಕೊಟ್ಟರಂತೆ. ‘ನನಗೆ ಇನ್ನು ಯಾಕೆ’ ಎಂದರಂತೆ. ‘ಅವತ್ತೇ ನನ್ನ ಎದೆ ಧಸಕ್ಕೆಂದಿತ್ತು ಸಾರ್. ಆದರೆ ನಾನು ಹೇಳಿದರೆ ಯಾರು ಕೇಳುತ್ತಾರೆ?’

ಸಹಿ ಇದ್ದಿದ್ದರೂ ಅವರು ಉಳಿಯುತ್ತಿರಲಿಲ್ಲ. ಗಡಿಯಾರದ ಸುದ್ದಿ ನನಗೆ ಮುಟ್ಟಿದ್ದರೆ ಡಿಸ್ಚಾರ್ಜ್ ಮುಂದೆ ಹೋಗುತ್ತಿತ್ತು, ಇಲ್ಲವೇ ಕನಿಷ್ಠ ಅವರ ಹೆಂಡತಿಯನ್ನು ಕೂರಿಸಿಕೊಂಡು ಮಾತನಾಡುತ್ತಿದ್ದೆ. ಆಯಾಗೂ ನನಗೂ ನಡುವೆ ಇದ್ದ ದೂರ ಇಪ್ಪತ್ತು ಹೆಜ್ಜೆ. ಮಾತು ಅಷ್ಟು ದೂರ ಬರಲಿಲ್ಲ. ಇಂಥದ್ದೇ ಯಾವುದೋ ಮಾತು ನಿಮ್ಮ ವಾರ್ಡಿನ ಎರಡನೇ ಘಟನೆಯಲ್ಲೂ ಎಲ್ಲೋ ನಿಂತುಬಿಟ್ಟಿರಬಹುದು. ಸಿಸ್ಟರ್‌ಗಳಿಗೆ ಮೆಮೊ ಕೊಟ್ಟ ಮೇಲೆ ಅದು ನಿಮಗೆ ತಿಳಿಯುವುದು ಕಷ್ಟ.

ಆದ್ದರಿಂದ ಗೋಡೆಗೆ ಪೋಸ್ಟರ್ ಅಂಟಿಸುವ ಮೊದಲು, ತರಬೇತಿಗೆ ದಿನ ಗೊತ್ತುಮಾಡುವ ಮೊದಲು, ವೈದ್ಯಕೀಯ ಅಧೀಕ್ಷಕರ ಕೊಠಡಿಗೆ ಹೋಗಿ ಅರ್ಧ ಪುಟದ ಒಂದು ಸುತ್ತೋಲೆ ಕೇಳಿ. ತನ್ನಿಂದಾದ ತಪ್ಪನ್ನು, ಅಥವಾ ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು, 24 ಗಂಟೆಯೊಳಗೆ ತಾನಾಗಿ ತಿಳಿಸಿದವರ ಮೇಲೆ ಆ ಕಾರಣಕ್ಕೆ ಶಿಸ್ತುಕ್ರಮ ಇರುವುದಿಲ್ಲ ಎಂಬುದು ಅದರ ಸಾರ. ಹೊರತಾದವು ಯಾವುವು ಎಂಬುದನ್ನೂ ಅಲ್ಲೇ ಬರೆಸಿ: ರೋಗಿಯ ಮೇಲೆ ಕೈ ಮಾಡಿದರೆ, ಲೈಂಗಿಕ ದುರ್ನಡತೆ ನಡೆದರೆ, ಕುಡಿದು ಡ್ಯೂಟಿಗೆ ಬಂದರೆ, ಘಟನೆ ನಡೆದ ಮೇಲೆ ದಾಖಲೆ ತಿದ್ದಿದರೆ ರಕ್ಷಣೆಯಿಲ್ಲ. ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಜನ ಅದರ ಈಚೆಗೆ ಧೈರ್ಯವಾಗಿ ನಿಲ್ಲುತ್ತಾರೆ. ಅಧೀಕ್ಷಕರು ಬರೆದು ಕೊಡಲು ಹಿಂಜರಿದರೆ (ಹಿಂಜರಿಯಬಹುದು, ಅವರ ಮೇಲೂ ಮೆಮೊ ಕೊಡುವವರಿದ್ದಾರೆ) ಇಷ್ಟನ್ನಾದರೂ ಕೇಳಿ: ‘ಯಾವ ಘಟನೆಯೇ ಆಗಲಿ, ಮೆಮೊ ಟೈಪಾಗುವ ಮೊದಲು ನನಗೆ ಒಂದು ವಾರ ಕೊಡಿ.’

ಆ ಒಂದು ವಾರ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಬಹುಶಃ ನಿಮ್ಮ ವಾರ್ಡಿನಲ್ಲೇ ಸಿಗುತ್ತದೆ. ಆತ್ಮಹತ್ಯೆಯ ಅಪಾಯವಿರುವ ರೋಗಿಯನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಸಹಿ ಹಾಕುವ ಹಾಳೆ ಇರುತ್ತದೆಯಲ್ಲ, ಅದರ ರಾತ್ರಿಯ ಪುಟವನ್ನು ಕೈಗೆತ್ತಿಕೊಳ್ಳಿ. 10.00, 10.15, 10.30 ಎಂದು ಬೆಳಗಿನ ಆರರ ತನಕ ಒಂದೇ ಪೆನ್ನು, ಒಂದೇ ಓರೆ, ಒಂದೇ ಉಸಿರಿನಲ್ಲಿ ಬರೆದ ಸಹಿಗಳು. ಹೊಸ ರೋಗಿಯೊಬ್ಬರು ದಾಖಲಾದ ಹೊತ್ತಿನಲ್ಲೂ ಒಂದು ನಿಮಿಷ ಹಿಂದೆ ಮುಂದೆ ಆಗಿಲ್ಲ. ಸುಳ್ಳು ದಾಖಲೆ ಎಂದು ಮೆಮೊ ಕೊಡಬಹುದು. ಕೊಟ್ಟರೆ ನಾಳೆಯಿಂದ ಎರಡು ಬಣ್ಣದ ಪೆನ್ನು ಬಳಸುತ್ತಾರೆ. ಅದರ ಬದಲು ಲೆಕ್ಕ ಹಾಕಿ. ಎಂಟು ರೋಗಿಗಳು ಆ ಪಟ್ಟಿಯಲ್ಲಿದ್ದರೆ ಗಂಟೆಗೆ ಮೂವತ್ತೆರಡು ಸಲ ನೋಡಬೇಕು. ರಾತ್ರಿ ಪಾಳಿಯಲ್ಲಿ ಇರುವವರು ಇಬ್ಬರು. ನಿಯಮವೇ ಸುಳ್ಳು ಬರೆಯಲು ಹೇಳಿಕೊಡುತ್ತಿದೆ. ಎಂಟರಲ್ಲಿ ಎಷ್ಟು ಮಂದಿಗೆ ಅದು ನಿಜವಾಗಿ ಬೇಕು ಎಂದು ಪ್ರತಿ ಬೆಳಗ್ಗೆ ವೈದ್ಯರಿಂದ ಕೇಳಿ ಬರೆಸಿ, ಮೂರಕ್ಕೆ ಇಳಿದೀತು. ಆ ಮೂವರ ಹಾಸಿಗೆಯನ್ನು ಸಿಸ್ಟರ್ ಮೇಜಿನ ಎದುರಿಗೆ ತನ್ನಿ. ಬಾಗಿಲಿನಿಂದ ಇಣುಕಿ ಗುರುತು ಹಾಕುವುದರ ಬದಲು ಹತ್ತಿರ ಹೋಗಿ ಎರಡು ಮಾತನಾಡುವಂತಾಗಲಿ.

ಈಗ ಒಂದು ನಿಜವಾದ ಯಶಸ್ಸಿನ ಕಥೆ. ಲಂಡನ್ನಿನ ಪೂರ್ವ ಭಾಗದಲ್ಲಿ, ವಲಸಿಗರೂ ಬಡವರೂ ಹೆಚ್ಚಿರುವ ಬಡಾವಣೆಗಳಿಗೆ ಮಾನಸಿಕ ಆರೋಗ್ಯ ಸೇವೆ ಕೊಡುವುದು ಈಸ್ಟ್ ಲಂಡನ್ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಫೌಂಡೇಷನ್ ಟ್ರಸ್ಟ್. 2014ರಲ್ಲಿ ಅವರು ಇಡೀ ಸಂಸ್ಥೆಗೆ ಗುಣಮಟ್ಟ ಸುಧಾರಣೆಯ ಕಾರ್ಯಕ್ರಮ ಹಾಕಿಕೊಂಡರು. ಅದರಲ್ಲಿ ನಮಗೆ ಬೇಕಾದದ್ದು ಟವರ್ ಹ್ಯಾಮ್ಲೆಟ್ಸ್ ಪ್ರದೇಶದ ಆರು ವಾರ್ಡುಗಳ ಕೆಲಸ. ಅಲ್ಲಿ ಹೊಡೆದಾಟ ನಿತ್ಯದ ಗೋಳು. ಮೊದಲು ಒಂದು ವಾರ್ಡಿನಲ್ಲಿ ಪ್ರಯೋಗಿಸಿ ನೋಡಿ, ಫಲ ಕಂಡ ಮೇಲೆ ಉಳಿದ ವಾರ್ಡುಗಳಿಗೆ ಹರಡಿದರು. ಆರೂ ವಾರ್ಡುಗಳಲ್ಲಿ ಒಟ್ಟಾರೆ ಹೊಡೆದಾಟ ಶೇ 40ರಷ್ಟು ಇಳಿಯಿತು.

ಅವರು ಮಾಡಿದ್ದರಲ್ಲಿ ಹಣ ಬೇಡುವಂಥದ್ದು ಬಹಳ ಕಡಿಮೆ. ಗೋಡೆಯ ಮೇಲೆ ತಿಂಗಳ ದಿನಗಳನ್ನು ಚೌಕಗಳಾಗಿ ಬರೆದ, ಕೂಡಿಸುವ ಚಿಹ್ನೆಯ ಆಕಾರದ ಒಂದು ಹಾಳೆ. ಆ ದಿನ ಹೊಡೆದಾಟ ನಡೆದರೆ ಕೆಂಪು, ನಡೆಯದಿದ್ದರೆ ಹಸಿರು. ಹಾಳೆ ಇರುವುದು ಎಲ್ಲರೂ ಓಡಾಡುವ ಜಾಗದಲ್ಲಿ, ರೋಗಿಗಳ ಕಣ್ಣೆದುರು. ಎರಡನೆಯದು, ದಿನದಲ್ಲಿ ಕೆಲವು ಸಲ ಸಿಬ್ಬಂದಿಯೆಲ್ಲ ನಿಂತಲ್ಲೇ ಸೇರಿ ಕೆಲವೇ ನಿಮಿಷ ಮಾತನಾಡುವುದು: ಯಾರು ಕಳವಳದಲ್ಲಿದ್ದಾರೆ, ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರ ನಡುವೆ ಕಿತ್ತಾಟವಿದೆ. ಮೂರನೆಯದು ನಾರ್ವೆಯಲ್ಲಿ ಹುಟ್ಟಿದ ಬ್ರೋಸೆಟ್ ಎಂಬ ಆರು ಅಂಶಗಳ ಪಟ್ಟಿ. ಗೊಂದಲ, ಸಿಡುಕು, ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಬರುವ ಬೆದರಿಕೆ, ವಸ್ತುಗಳ ಮೇಲೆ ಸಿಟ್ಟು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಂಕ ಏರಿದರೆ ಮುಂದಿನ ಪಾಳಿಯವರಿಗೆ ಅದು ಮುನ್ಸೂಚನೆ. ನಾಲ್ಕನೆಯದೇ ನನಗೆ ಮುಖ್ಯವೆನಿಸುವುದು: ವಾರ್ಡಿನ ಸಭೆಯಲ್ಲಿ ಆ ಗೋಡೆಯ ಹಾಳೆಯನ್ನು ಮುಂದಿಟ್ಟುಕೊಂಡು ರೋಗಿಗಳೊಡನೆ ಚರ್ಚಿಸಿದರು. ಮಂಗಳವಾರ ಏಕೆ ಕೆಂಪಾಯಿತು? ಉತ್ತರ ಹೇಳಬಲ್ಲವರು ಆ ದಿನ ಅಲ್ಲಿದ್ದವರೇ ತಾನೆ.

ನಮ್ಮಲ್ಲಿ ಇಂಥ ಹಾಳೆ ಅಂಟಿಸಿದರೆ ಮೊದಲು ಬರುವ ಆಕ್ಷೇಪ ‘ಮಾನ ಹೋಗುತ್ತದೆ’ ಎಂಬುದು. ನನ್ನ ವಾರ್ಡಿನಲ್ಲೂ ಬಂದಿತ್ತು. ಆದರೂ ಎರಡು ತಿಂಗಳು ಬಣ್ಣ ಹಚ್ಚಿದೆವು, ಪಕ್ಕದಲ್ಲಿ ಸಮಯವನ್ನೂ ಬರೆದೆವು. ರಾತ್ರಿಯೇ ಅಪಾಯದ ಹೊತ್ತು ಎಂದು ನಾವೆಲ್ಲ ನಂಬಿದ್ದೆವು. ಕೆಂಪು ಬಿದ್ದದ್ದು ಹೆಚ್ಚಾಗಿ ಸಂಜೆ ಐದೂವರೆಯಿಂದ ಏಳರ ನಡುವೆ. ಕಾರಣವನ್ನು ಸಭೆಯಲ್ಲಿ ಹೇಳಿದ್ದು ಉನ್ಮಾದದಿಂದ ಆಗಷ್ಟೇ ಇಳಿಯುತ್ತಿದ್ದ ಒಬ್ಬ ಶಾಲಾ ಮೇಷ್ಟ್ರು. ‘ನಾಲ್ಕಕ್ಕೆ ಅರ್ಧ ಲೋಟ ಚಹಾ ಕೊಡುತ್ತೀರಿ. ಊಟ ಏಳೂವರೆಗೆ. ನಡುವೆ ಟಿವಿ ಇಲ್ಲ, ಫೋನ್ ಇಲ್ಲ. ಬೀಡಿ ಕೇಳಿದರೆ ಬೈಯುತ್ತೀರಿ. ಆ ಮೂರೂವರೆ ಗಂಟೆ ನಾವು ಏನು ಮಾಡಬೇಕು?’ ಚಹಾವನ್ನು ಐದಕ್ಕೆ ತಂದು ಜೊತೆಗೆ ಬಿಸ್ಕತ್ತು ಸೇರಿಸಿದೆವು. ಐದೂವರೆಗೆ ಸಿಸ್ಟರ್ ಮೇಜಿನ ಫೋನಿನಿಂದ ಮನೆಗೆ ಮಾತನಾಡಲು ಸರದಿ ಮಾಡಿದೆವು. ಮೊದಲ ವಾರ ಸರದಿಗಾಗಿಯೇ ಜಗಳವಾಯಿತು! ಚೀಟಿ ಕೊಟ್ಟು ನೋಡಿದೆವು, ಸರಿಹೋಯಿತು. ಸಂಜೆಯ ಕೆಂಪು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಗುಣಮಟ್ಟದ ಪುಸ್ತಕಗಳು ‘ಯೋಜಿಸು, ಮಾಡು, ಪರಿಶೀಲಿಸು, ತಿದ್ದು’ ಎಂದು ಚಕ್ರ ಬರೆಯುತ್ತವೆ. ಅದು ನಮ್ಮಲ್ಲಿ ನಡೆದದ್ದು ಹೀಗೆ, ಚಹಾ ಲೋಟದಲ್ಲಿ.

ಕಟ್ಟಿಹಾಕುವ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮನ್ನು ನೀವೇ ಕೂತು ಓದಿ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತೆಯೇ ಇಲ್ಲ. ರೋಗಿಗೋ ಇತರರಿಗೋ ಆ ಕ್ಷಣದಲ್ಲೇ ಆಗಲಿರುವ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ದೈಹಿಕವಾಗಿ ತಡೆಹಿಡಿಯಬಹುದು. ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಬೇಕು. ಎಷ್ಟು ಹೊತ್ತು, ಯಾವ ರೀತಿ, ಏಕೆ ಎಂಬುದು ಕೂಡಲೇ ಕೇಸ್ ಶೀಟಿನಲ್ಲಿ ಬರಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕೊರತೆ ಎಂಬ ಕಾರಣಕ್ಕೆ ಕಟ್ಟುವಂತಿಲ್ಲ. ಈ ಮಾತು ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ, ಏಕೆಂದರೆ ನಾವೆಲ್ಲ ಹೇಳುವ ನೆಪ ಅದೇ ಎಂದು ಬರೆದವರಿಗೆ ಗೊತ್ತಿತ್ತು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ನಿಲ್ಲಲು ಗೊತ್ತುಮಾಡಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಪ್ರತಿ ತಿಂಗಳು ಇಂಥ ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. 95ನೇ ಕಲಮಿನ ಪ್ರಕಾರ ಸರಪಳಿ ಹಾಕುವುದು ಯಾವ ರೀತಿಯಲ್ಲೂ ನಿಷಿದ್ಧ.

ಇವೆಲ್ಲ ಸುಮ್ಮನೆ ಬರಲಿಲ್ಲ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಮ್ಮ ನಿಮ್ಹಾನ್ಸ್ ತಜ್ಞರೇ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ಗುಣಮಟ್ಟದ ವರದಿ ಬರೆದರು. ಎಷ್ಟೋ ಕಡೆ ಆಸ್ಪತ್ರೆಗಿಂತ ಸೆರೆಮನೆಯ ಚಹರೆಯೇ ಕಂಡಿತ್ತು. ಎರಡು ವರ್ಷಗಳ ಬಳಿಕ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯ ಶೆಡ್ಡಿಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಓಡಿ ತಪ್ಪಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಕಾಲಿಗೆ ಸರಪಳಿ ಇತ್ತು.

ನಿಮ್ಮ ರೋಗಿಯ ಮಣಿಕಟ್ಟಿಗೆ ಗಾಯವಾದದ್ದು ಯಾವುದರಿಂದ ಎಂದು ನೀವು ಬರೆದಿಲ್ಲ. ನಾನು ಕಂಡ ಮಟ್ಟಿಗೆ ಗಾಜ್ ಬ್ಯಾಂಡೇಜು, ಇಲ್ಲವೇ ಹರಿದ ಸೀರೆಯ ಪಟ್ಟಿ. ಒಮ್ಮೆ ಒಬ್ಬ ತಾಯಿ ತಮ್ಮದೇ ಸೀರೆಯ ಸೆರಗು ಹರಿದು ಕೊಟ್ಟು, ಮಗನ ಕೈ ಕಟ್ಟುವಾಗ ತಲೆ ತಿರುಗಿಸಿ ನಿಂತಿದ್ದರು. ರೋಗಿ ಎಳೆದಾಡಿದಷ್ಟೂ ಸಣ್ಣ ಪಟ್ಟಿ ಹಗ್ಗವಾಗಿ ಬಿಗಿಯುತ್ತದೆ. ಕಟ್ಟಲೇಬೇಕಾಗಿ ಬಂದರೆ ಅಗಲವಾದ, ಮೆತ್ತೆಯಿರುವ ಪಟ್ಟಿಯೇ ಬೇಕು. ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಒಬ್ಬರು ಪಕ್ಕದಲ್ಲಿ ಕೂರಬೇಕು. ಉಸಿರು, ನಾಡಿ, ಬೆರಳಿನ ಬಣ್ಣ ನೋಡುತ್ತಿರಬೇಕು, ನೀರು ಕೊಡಬೇಕು. ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ. 1998ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಡೇವಿಡ್ ಬೆನೆಟ್ ಎಂಬ ರೋಗಿ ಹಾಗೆ ಅದುಮಿ ಹಿಡಿದಾಗ ಸತ್ತದ್ದು ಆ ದೇಶದ ಇಡೀ ವ್ಯವಸ್ಥೆಯನ್ನು ಅಲುಗಾಡಿಸಿತು. ಅಷ್ಟಾದರೂ ಅಲ್ಲಿ ಬಲಪ್ರಯೋಗದ ಬಗ್ಗೆ ಪ್ರತ್ಯೇಕ ಕಾಯ್ದೆ ಬರಲು 2018 ಬರಬೇಕಾಯಿತು.

ಕಟ್ಟುವುದನ್ನು ಎಣಿಸುವಾಗ ಒಂದು ಎಚ್ಚರ. ಅದನ್ನು ಮಾತ್ರ ಎಣಿಸಿದರೆ ಅದು ಇಳಿಯುತ್ತದೆ, ಮಂಪರು ಬರಿಸುವ ಇಂಜೆಕ್ಷನ್ ಏರುತ್ತದೆ. ಕೈಗೆ ಪಟ್ಟಿ ಇಲ್ಲ, ಆದರೆ ರೋಗಿ ಮೂರು ದಿನ ಕಣ್ಣು ಬಿಡುವುದಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಎಣಿಸಿ. ಇಂಜೆಕ್ಷನ್ ಬೇಕೇ ಆದಾಗ ಯಾವುದು ಎಂಬ ಚರ್ಚೆ ಬಂದರೆ, ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಕೊಡುವುದನ್ನು ಲೊರಾಜೆಪಾಮ್‌ನೊಂದಿಗೆ ಹೋಲಿಸಿ ವೆಲ್ಲೂರಿನಲ್ಲೇ ಅಧ್ಯಯನ ನಡೆದಿದೆ, 2004ರಲ್ಲಿ ಪ್ರಕಟವಾಗಿದೆ. ನಿಮ್ಮ ವೈದ್ಯರಿಗೆ ನೆನಪಿಸಿ. ಜೊತೆಗೆ, ಪ್ರತಿ ಸಲ ಕಟ್ಟಿದ ಮೇಲೂ ರೋಗಿ ಶಾಂತವಾದ ದಿನ ಅವರೊಡನೆ ಕೂತು ಕೇಳಿ: ‘ಅದಕ್ಕೆ ಮುಂಚೆ ಏನು ನಡೆಯಿತು? ನಾವು ಬೇರೇನು ಮಾಡಬಹುದಿತ್ತು?’ ಲೆನ್ ಬವರ್ಸ್ ಎಂಬ ಬ್ರಿಟಿಷ್ ನರ್ಸಿಂಗ್ ಪ್ರಾಧ್ಯಾಪಕರು ‘ಸೇಫ್‌ವಾರ್ಡ್ಸ್’ ಎಂಬ ಹೆಸರಿನಲ್ಲಿ ಹತ್ತು ಸಣ್ಣ ಕ್ರಮಗಳನ್ನು ಹೆಣೆದರು. ‘ಇಲ್ಲ’ ಎನ್ನಬೇಕಾದಾಗ ಮೃದುವಾಗಿ ಹೇಳುವುದು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ದಾಟಿಸುವುದು, ಇಂಥವು. 2015ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ವಾರ್ಡಿನ ಘರ್ಷಣೆ ಶೇ 15ರಷ್ಟು, ಬಲವಂತದ ಕ್ರಮಗಳು ಶೇ 26ರಷ್ಟು ಇಳಿದವು. ಎಲ್ಲ ಹತ್ತನ್ನೂ ಒಟ್ಟಿಗೆ ತರಲು ಹೋಗಬೇಡಿ. ಪಾಳಿ ಬದಲಾವಣೆಯ ಒಳ್ಳೆಯ ಮಾತಿನಿಂದ ಆರಂಭಿಸಿ, ಅದಕ್ಕೆ ಸಾಮಾನು ಕೇಳಿ ಇಂಡೆಂಟ್ ಹಾಕಬೇಕಿಲ್ಲ.

ಇನ್ನು ನಿಮ್ಮ ಎರಡನೇ ಘಟನೆ. ನಾಲ್ಕನೇ ದಿನ ಎಂದಿದ್ದೀರಿ. ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯ ಸೇವೆಯ ಸಂಪರ್ಕದಲ್ಲಿದ್ದವರ ಆತ್ಮಹತ್ಯೆಗಳನ್ನು ದಶಕಗಳಿಂದ ಒಂದೊಂದಾಗಿ ಅಧ್ಯಯನ ಮಾಡುತ್ತಿರುವ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಾಷ್ಟ್ರೀಯ ವಿಚಾರಣಾ ತಂಡ ಕಂಡುಕೊಂಡದ್ದು ಇದು: ಡಿಸ್ಚಾರ್ಜ್ ಆದ ಮೊದಲ ಎರಡು ವಾರ ಅತ್ಯಂತ ಅಪಾಯದ ಕಾಲ, ಅದರಲ್ಲೂ ಮೂರನೇ ದಿನದ ಸುಮಾರಿಗೆ ಸಾವು ಹೆಚ್ಚು. ಹಾಗಾಗಿ ಅಲ್ಲಿ ಮೂರು ದಿನದೊಳಗೆ ರೋಗಿಯನ್ನು ಸಂಪರ್ಕಿಸಬೇಕೆಂಬ ಶಿಫಾರಸು ಬಂತು. ನನ್ನ ರೈತರೂ ಹೋದದ್ದು ಮೂರನೇ ದಿನ. ನಮ್ಮಲ್ಲಿ ‘ಹದಿನೈದು ದಿನ ಬಿಟ್ಟು ಓಪಿಡಿಗೆ ಬನ್ನಿ’ ಎಂದು ಬರೆದು ಕಳಿಸುತ್ತೇವೆ. ಆ ಹದಿನೈದರಲ್ಲಿ ಮೂರನೆಯದು ಬಂದು ಹೋಗಿರುತ್ತದೆ.

ಆದ್ದರಿಂದ ವಾರ್ಡಿಗೆ ಒಂದು ಮೊಬೈಲ್ ಮತ್ತು ಸಿಮ್ ಕೇಳಿ. ಸಿಸ್ಟರ್‌ಗಳ ಸ್ವಂತ ನಂಬರ್ ಬೇಡವೇ ಬೇಡ; ಎರಡೇ ತಿಂಗಳಲ್ಲಿ ಅವರು ಫೋನ್ ಎತ್ತುವುದನ್ನು ಬಿಡುತ್ತಾರೆ, ತಪ್ಪೂ ಅಲ್ಲ. ಎರಡನೇ ದಿನ ಇಲ್ಲವೇ ಮೂರನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅವರಿಗೆ ಪರಿಚಯವಿರುವ ಸಿಸ್ಟರೇ ಕರೆ ಮಾಡಲಿ. ನಿದ್ದೆ ಬಂತೆ, ಮಾತ್ರೆ ಸೇರಿತೆ, ಮನೆಯಲ್ಲಿ ಯಾರಿದ್ದಾರೆ. ಆಮೇಲೆ ನೇರವಾಗಿ: ‘ಸಾಯಬೇಕೆಂಬ ಯೋಚನೆ ಮತ್ತೆ ಬಂತೆ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ನಿಮ್ಮ ಕಿರಿಯ ಸಿಸ್ಟರ್‌ಗಳಿಗೆ ಇರುತ್ತದೆ. ಹಾಗೆ ಆಗುವುದಿಲ್ಲ, ಕೇಳಿದ್ದಕ್ಕೆ ಜನ ಹಗುರಾಗುವುದೇ ಹೆಚ್ಚು. ಮನೆಯವರೊಡನೆಯೂ ಮಾತನಾಡಿ: ಕ್ರಿಮಿನಾಶಕದ ಡಬ್ಬಿ ಮನೆಯೊಳಗಿದೆಯೇ, ನೆರೆಮನೆಯಲ್ಲೋ ಸೊಸೈಟಿಯಲ್ಲೋ ಬೀಗದಲ್ಲಿಡಲು ಸಾಧ್ಯವೇ? ಮಾತ್ರೆ ಯಾರ ಕೈಯಲ್ಲಿದೆ? ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.

ಮಾತ್ರೆಯ ವಿಷಯದಲ್ಲಿ ಪುಸ್ತಕದ ಮಾತು ಒಂದು, ಬಸ್ ಚಾರ್ಜಿನ ಮಾತು ಇನ್ನೊಂದು. ಅಪಾಯವಿರುವವರಿಗೆ ಒಂದು ವಾರದ್ದು ಮಾತ್ರ ಕೊಡಿ ಎನ್ನುತ್ತದೆ ಪುಸ್ತಕ. ಎಂಬತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವವರಿಗೆ ಒಂದು ಭೇಟಿ ಎಂದರೆ ಇಬ್ಬರ ಒಂದು ದಿನದ ಕೂಲಿ ಹೋಯಿತು. ವಾರದ ಮಾತ್ರೆ ಕೊಟ್ಟರೆ ಎರಡನೇ ವಾರ ಮಾತ್ರೆಯೇ ಇಲ್ಲ. ತಿಂಗಳದ್ದನ್ನು ಕೊಟ್ಟು ಮನೆಯ ಒಬ್ಬರ ಕೈಗೆ ಒಪ್ಪಿಸಿ, ಅವರ ಹೆಸರನ್ನು ಕೇಸ್ ಶೀಟಿನಲ್ಲಿ ಬರೆಯುವುದು, ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೊಡನೆ ಮಾತನಾಡುವುದು, ಇವೆರಡರಲ್ಲಿ ಯಾವುದು ನಡೆಯುತ್ತದೋ ಅದು. ಮನಸ್ಸಿನ ವಿಪರೀತ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಇರುವವರಿಗೆ ಮಾತ್ರ ಒಂದು ಮಾತು ಹೆಚ್ಚು ಹೇಳಿ. ವಾಂತಿಭೇದಿಯಾದರೆ, ಬಿಸಿಲಿನಲ್ಲಿ ದುಡಿದು ನೀರು ಕುಡಿಯದಿದ್ದರೆ, ಮೈಕೈ ನೋವಿಗೆ ಅಂಗಡಿಯ ಮಾತ್ರೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ; ಕೈ ನಡುಗಿ ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ ಓಡಿ ಬರಬೇಕು.

‘ಕಡಿಮೆ, ಮಧ್ಯಮ, ಹೆಚ್ಚು’ ಎಂದು ಅಪಾಯಕ್ಕೆ ಗುರುತು ಹಾಕುವ ಚೌಕಗಳು ನಿಮ್ಮ ಫಾರಂನಲ್ಲಿವೆಯೇ? ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಅವನ್ನು ಬಿಟ್ಟುಬಿಡಿ ಎಂದಿದೆ. ‘ಕಡಿಮೆ’ ಎಂದು ಗುರುತು ಹಾಕಿದ ಮೇಲೆ ನಮ್ಮ ಕಿವಿ ಮುಚ್ಚುತ್ತದೆ. ಚೌಕದ ಜಾಗದಲ್ಲಿ ಎರಡು ಸಾಲು ಬಿಡಿ: ಇವರಿಗೆ ಯಾವುದು ಕಷ್ಟ, ಆ ಕಷ್ಟ ಬಂದಾಗ ಯಾರ ಬಳಿ ಹೋಗುತ್ತಾರೆ.

ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹೆನ್ರಿ ಫೋರ್ಡ್ ಆರೋಗ್ಯ ಸಂಸ್ಥೆಯವರು 2001ರಲ್ಲಿ ತಮ್ಮ ರೋಗಿಗಳಲ್ಲಿ ಆತ್ಮಹತ್ಯೆ ಸೊನ್ನೆಯಾಗಬೇಕು ಎಂದು ಗುರಿ ಇಟ್ಟರು. ಲಕ್ಷಕ್ಕೆ 89ರಷ್ಟಿದ್ದ ದರ ಮುಂದಿನ ನಾಲ್ಕು ವರ್ಷಗಳಲ್ಲಿ ಸರಾಸರಿ 22ಕ್ಕೆ ಬಂತು. 2009ರಲ್ಲಿ ಒಂದೂ ಇರಲಿಲ್ಲ. ಈ ಕಥೆಯನ್ನು ಸಮ್ಮೇಳನಗಳಲ್ಲಿ ಬಹಳ ಹೇಳುತ್ತಾರೆ. ನಿಮ್ಮ ಆಸ್ಪತ್ರೆಯಲ್ಲೂ ಯಾರಾದರೂ ‘ಸೊನ್ನೆ ನಮ್ಮ ಗುರಿ’ ಎಂದು ಬ್ಯಾನರ್ ಕಟ್ಟಿಸಲು ಹೊರಡಬಹುದು. ದಯವಿಟ್ಟು ತಡೆಯಿರಿ. ಅಲ್ಲಿ ಆ ಸೊನ್ನೆಯ ಹಿಂದೆ ಅದೇ ದಿನ ಸಿಗುವ ಭೇಟಿ ಇತ್ತು, ಪ್ರತಿ ಸಾವನ್ನೂ ವ್ಯವಸ್ಥೆಯ ಕಣ್ಣಿನಿಂದ ನೋಡುವ ಅಭ್ಯಾಸ ಇತ್ತು. ಮೆಮೊ ಸಂಸ್ಕೃತಿಯ ಮೇಲೆ ಸೊನ್ನೆಯ ಗುರಿ ಹೇರಿದರೆ ಸೊನ್ನೆ ಬರುವುದು ರಿಜಿಸ್ಟರಿನಲ್ಲಿ. ಅದು ಈಗಾಗಲೇ ನಿಮ್ಮಲ್ಲಿದೆ.

ಜೊತೆಗಿರುವ ಮನೆಯವರ ಬಗ್ಗೆ ಒಂದು ಮಾತು. ಲಂಡನ್ನಿನಲ್ಲಾಗಲಿ ಡೆಟ್ರಾಯ್ಟ್‌ನಲ್ಲಾಗಲಿ ಇಲ್ಲದ ಬಲ ನಮಗಿರುವುದು ಇದೊಂದೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಗಳ ಜೊತೆ ಇರಿಸಿಕೊಂಡರು. ಆ ದಾರಿ ಇವತ್ತಿಗೂ ನಮ್ಮ ವಾರ್ಡುಗಳಲ್ಲಿ ಉಳಿದಿದೆ. ಗಡಿಯಾರ ಕೊಟ್ಟದ್ದನ್ನು, ರಾತ್ರಿ ಮೂರಕ್ಕೆ ಎದ್ದು ಕೂತದ್ದನ್ನು ಮೊದಲು ಕಾಣುವುದು ಅವರೇ. ಆದರೆ ನಾವು ಅವರನ್ನು ಬಳಸುವುದು ಬೇರೆಯದಕ್ಕೆ: ಕಟ್ಟಲು ಕೈ ಹಿಡಿಸುತ್ತೇವೆ, ಲ್ಯಾಬಿಗೆ ರಕ್ತ ಒಯ್ಯಿಸುತ್ತೇವೆ, ರಾತ್ರಿಯಿಡೀ ಕಾವಲು ಕೂರಿಸಿ ಬೆಳಗ್ಗೆ ‘ನೀವು ನೋಡಿಕೊಳ್ಳಲಿಲ್ಲವೇ’ ಎಂದು ಗದರುತ್ತೇವೆ. ಬೆಳಗಿನ ರೌಂಡ್ಸಿಗೆ ಮುಂಚೆ ಒಬ್ಬ ಸಿಸ್ಟರ್ ಪ್ರತಿ ಹಾಸಿಗೆಯ ಬಳಿ ನಿಂತು ‘ರಾತ್ರಿ ಏನು ಕಂಡಿರಿ?’ ಎಂದು ಕೇಳಿ ಬರೆದುಕೊಂಡರೆ ಮೂವತ್ತು ಜೊತೆ ಕಣ್ಣು ನಿಮ್ಮದಾಗುತ್ತದೆ.

ವೈದ್ಯರ ಮೇಲೆ ಅಧಿಕಾರವಿಲ್ಲ ಎಂದಿರಿ. ನಾನೂ ವೈದ್ಯನೇ ಆದ್ದರಿಂದ ಗುಟ್ಟು ಹೇಳುತ್ತೇನೆ. ‘ಸರ್, ನೀವು ನೋಡದೆಯೇ ಫೋನಿನಲ್ಲಿ ಕಟ್ಟಲು ಹೇಳುತ್ತೀರಿ’ ಎಂದರೆ ನಾವು ಸಿಡಿಯುತ್ತೇವೆ. ‘ಸರ್, ಈ ತಿಂಗಳು ಕಟ್ಟಿದ್ದು ಇಷ್ಟು ಸಲ. ಇದರಲ್ಲಿ ಹೆಚ್ಚಿನವು ಮೂವರೇ ರೋಗಿಗಳದ್ದು, ಮೂವರೂ ದಾಖಲಾದ ಮೊದಲ ರಾತ್ರಿ’ ಎಂದು ಹಾಳೆ ಮುಂದಿಟ್ಟರೆ ಸುಮ್ಮನೆ ಕೂರಲು ಆಗುವುದಿಲ್ಲ. ಕಾರಣ ಹುಡುಕುವ ಚಪಲ ನಮ್ಮ ವೃತ್ತಿಯಲ್ಲೇ ಇದೆ. ಹಾಳೆಯಲ್ಲಿ ಯಾರ ಹೆಸರೂ ಬೇಡ. ಮೊದಲ ಸಲ ಒಬ್ಬರಿಗೆ, ಏಕಾಂತದಲ್ಲಿ ತೋರಿಸಿ. ವಾರ್ಡಿನಲ್ಲಿ ಯಾವಾಗಲೂ ಒಬ್ಬ ಕಿರಿಯ ವೈದ್ಯರಿಗಾದರೂ ಈ ವಿಷಯ ಮನಸ್ಸಿಗೆ ನಾಟಿರುತ್ತದೆ, ಅವರಿಂದ ಆರಂಭಿಸಿ.

ಒಂದು ಮುನ್ನೆಚ್ಚರಿಕೆ. ಸುತ್ತೋಲೆ ಹೊರಟು, ಹಾಳೆ ಗೋಡೆಗೇರಿದ ಮೊದಲ ತಿಂಗಳಲ್ಲೇ ನಿಮ್ಮ ರಿಜಿಸ್ಟರಿನಲ್ಲಿ ಎರಡರ ಜಾಗದಲ್ಲಿ ಇಪ್ಪತ್ತೋ ಮೂವತ್ತೋ ಘಟನೆಗಳು ಬರಬಹುದು. ಮೇಲಿನವರು ‘ಈಕೆ ಬಂದ ಮೇಲೆ ವಾರ್ಡು ಕೆಟ್ಟುಹೋಯಿತು’ ಎಂದು ಗಾಬರಿಯಾಗುತ್ತಾರೆ. ಅದಕ್ಕೆ ಈಗಲೇ, ಹಾಳೆ ಅಂಟಿಸುವ ಮೊದಲೇ, ಸಂಖ್ಯೆ ಏರುತ್ತದೆ ಎಂದು ಅಧೀಕ್ಷಕರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿಯ ಸಹಿ ಪಡೆದು ಪ್ರತಿ ಇಟ್ಟುಕೊಳ್ಳಿ.

ಮೊದಲ ದಾಖಲೆಯನ್ನು ನೀವೇ ಬರೆಯಿರಿ, ನಿಮ್ಮದೇ ಒಂದು ತಪ್ಪು. ಎಲ್ಲರ ಎದುರಿಗೆ ಓದಿ ಹೇಳಿ. ನಾನು ಓದಿದ್ದು ಆ ಗಡಿಯಾರದ ಸಂಗತಿಯನ್ನು, ಮೆಮೊಗೆ ನಾನು ಕೊಟ್ಟ ಒಪ್ಪಿಗೆಯನ್ನೂ ಸೇರಿಸಿ. ಮೆಮೊ ಪಡೆದ ಸಿಸ್ಟರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆಯಾ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಮರುದಿನ ಬೆಳಗ್ಗೆ ಎಂಟಕ್ಕೆ ನನ್ನ ಕೊಠಡಿಗೆ ಬಂದು, ಪೊರಕೆಯನ್ನು ಹೊರಗೆ ಒರಗಿಸಿಟ್ಟು, ‘ಸಾರ್, ಹನ್ನೊಂದನೇ ನಂಬರಿನ ಹುಡುಗಿ ಎರಡು ದಿನದಿಂದ ಮಾತ್ರೆ ನುಂಗುತ್ತಿಲ್ಲ, ದಿಂಬಿನ ಕೆಳಗೆ ಇಡುತ್ತಿದ್ದಾಳೆ’ ಎಂದರು.